ಗಂಜಿಗೆ ಬಂದ ತೆರಿಗೆ

ಹೋಟೆಲು ಇಟ್ಟವನು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ಬಾಗಿಲು ತೆರೆದು ಗಲ್ಲಾದ ಹಿಂದೆ ಕೂತರೆ ಸಾಕು, ನಗು ತಾನಾಗಿ ಒಳಗೆ ಬಂದು ಬೆಂಚಿನ ಮೇಲೆ ಕೂತು "ಎಂತ ಉಂಟು?" ಎಂದು ಕೇಳುತ್ತದೆ.

ಮಂಗಳೂರಿನ ಬಂದರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಗಂಜಿ ಹೋಟೆಲು ಇತ್ತು. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮೀನಿನ ಸಾರು, ಬೆಳಿಗ್ಗೆ ಸಂಜೆ ಚಹಾ. ಅಡಿಗೆ ನನ್ನ ಹೆಂಡತಿಯದು, ಮಾತು ನನ್ನದು. ನಾವು ಸುರತ್ಕಲ್ ಕಡೆಯ ಗೇಣಿ ಒಕ್ಕಲಿನವರು. ಇನ್ನೊಬ್ಬರ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಸಾಕಾಗಿ ಪೇಟೆಗೆ ಬಂದವರು. ಹೋಟೆಲು ನಿಂತರೆ ನಾವು ನಿಂತೆವು, ಮುಚ್ಚಿದರೆ ಮತ್ತೆ ಅದೇ ಗದ್ದೆ, ಅದೇ ಕೆಸರು. ಇದು ನನಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು.

ಹಾಗೆ ನಡೆಯುತ್ತಿದ್ದಾಗ ಮದರಾಸಿನಲ್ಲಿ ಕೂತು ಆಗ ನಮ್ಮ ಜಿಲ್ಲೆಯನ್ನೂ ಆಳುತ್ತಿದ್ದ ಸರಕಾರ ಮಾರಾಟಕ್ಕೆ ತೆರಿಗೆ ಹಾಕಿತು. ಅದು ಎಲ್ಲರಿಗೂ ಅಲ್ಲ. ದೊಡ್ಡ ವ್ಯಾಪಾರಕ್ಕೆ ಉಂಟು, ಸಣ್ಣ ವ್ಯಾಪಾರಕ್ಕೆ ಇಲ್ಲ. ಘಟ್ಟದ ಕೆಳಗೆ ನಮಗೆ ಉಂಟು, ಘಟ್ಟ ಹತ್ತಿದರೆ ಮೈಸೂರು ಸಂಸ್ಥಾನದವರಿಗೆ ಇಲ್ಲ. ಮದರಾಸಿನ ಲೆಕ್ಕದಲ್ಲಿ ನನ್ನ ಗಂಜಿ ಹೋಟೆಲು ಗೆರೆಯಿಂದ ಒಂದು ಬೆರಳು ಆಚೆ, ದೊಡ್ಡ ವ್ಯಾಪಾರದ ಕಡೆಗೆ ಬಿತ್ತು. ಹುಟ್ಟಿದಂದಿನಿಂದ ನನ್ನನ್ನು ಯಾರೂ ದೊಡ್ಡ ಮನುಷ್ಯ ಎಂದು ಕರೆದಿರಲಿಲ್ಲ. ಕರೆದದ್ದು ಸರಕಾರ ಒಂದೇ, ಅದೂ ತೆರಿಗೆ ಕೇಳುವುದಕ್ಕಾಗಿ.

ಆದರೂ ಆ ಕಾಲವನ್ನು ನೆನೆದರೆ ನನಗೆ ಸಿಟ್ಟು ಬರುವುದಿಲ್ಲ. ನಮ್ಮನ್ನು ಉಳಿಸಿದ ಜನರ ಮುಖಗಳೇ ಮೊದಲು ಕಣ್ಣೆದುರು ಬರುತ್ತವೆ. ಅವರಲ್ಲಿ ಹೆಚ್ಚಿನವರಿಗೆ ನಮ್ಮನ್ನು ಉಳಿಸುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ.

ಎತ್ತುಗಳ ಕಾನೂನು

ಒಂದೊಂದು ಜಾಗಕ್ಕೆ ಒಂದೊಂದು ತೆರಿಗೆ ಎಂಬುದು ನನಗೆ ಹೊಸತಲ್ಲ. ನಾನು ಊರಲ್ಲಿದ್ದಾಗ ನನ್ನ ಸೋದರಮಾವ ಗಾಡಿಯಲ್ಲಿ ಸೌತೆ, ಕುಂಬಳ, ಬಾಳೆಗೊನೆ ಹೇರಿಕೊಂಡು ಪೇಟೆಗೆ ಬರುತ್ತಿದ್ದರು. ಕೊಟ್ಟಾರದ ಹತ್ತಿರ ಒಂದು ಸುಂಕದ ಗೇಟು. ಹೇರು ಇದ್ದ ಗಾಡಿಗೆ ಸುಂಕ ಉಂಟು, ಖಾಲಿ ಗಾಡಿಗೆ ಇಲ್ಲ, ಮನುಷ್ಯ ತಲೆಯಲ್ಲಿ ಹೊತ್ತು ತಂದದ್ದಕ್ಕೂ ಇಲ್ಲ.

ಮಾವ ಕಾಯಿದೆಯನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಗೇಟು ಬರುವ ಮೊದಲು ಗಾಡಿ ನಿಲ್ಲಿಸಿ ನಾವೆಲ್ಲ ಇಳಿಯುವುದು, ಹೇರನ್ನು ತಲೆಯ ಮೇಲೆ ಹೊತ್ತು ಗೇಟು ದಾಟುವುದು, ಖಾಲಿ ಗಾಡಿ ಗಂಭೀರವಾಗಿ ನಮ್ಮ ಹಿಂದೆ ಬರುವುದು, ಆಚೆ ಬದಿಯಲ್ಲಿ ಮತ್ತೆ ಹೇರುವುದು. ಗೇಟಿನವನು ಕಟ್ಟೆಯ ಮೇಲೆ ಕೂತು ಇದನ್ನು ನೋಡುತ್ತಿದ್ದ. ಅವನು ಏನೂ ಹೇಳುವ ಹಾಗಿರಲಿಲ್ಲ, ಯಾಕೆಂದರೆ ನಾವು ಮಾಡುತ್ತಿದ್ದದ್ದು ಕಾಯಿದೆ ಪ್ರಕಾರವೇ. ಒಂದು ದಿನ ದೊಡ್ಡ ಕುಂಬಳಕಾಯಿ ಹೊರಲಾರದೆ ನಾನು ಒದ್ದಾಡುವಾಗ ಅವನೇ ಎದ್ದು ಬಂದು ಅದನ್ನು ನನ್ನ ತಲೆಗೆ ಎತ್ತಿ ಹೊರಿಸಿದ.

"ನಿಮ್ಮ ಕಷ್ಟ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಸುಂಕ ಕೊಟ್ರೆ ಇಷ್ಟು ಬೆವರು ಬರ್ತಿರ್ಲಿಲ್ಲ" ಎಂದ.

"ಬೆವರಿಗೆ ಸುಂಕ ಇಲ್ವಲ್ಲ" ಎಂದರು ಮಾವ.

ಕೆಲವು ವರ್ಷಗಳ ಮೇಲೆ ಆ ಗೇಟು ಹೋಯಿತು. ಕಂಬ ಕಿತ್ತರು, ಗೇಟಿನವನು ಬೇರೆ ಕೆಲಸಕ್ಕೆ ಹೋದ. ನಮಗೆ ಹಬ್ಬವಾಯಿತು. ಮರುದಿನ ಹೇರು ತುಂಬಿದ ಗಾಡಿಯಲ್ಲಿ ಕಾಲು ಚಾಚಿ ಕೂತು ಬಂದರೆ, ಕೊಟ್ಟಾರದಲ್ಲಿ ಎತ್ತುಗಳು ನಿಂತವು. ಮಾವ ಬೈದರು, ಬಾಲ ತಿರುಚಿದರು, ಕೊನೆಗೆ ಬೇಡಿಕೊಂಡರು. ಅವು ಅಲ್ಲಾಡಲಿಲ್ಲ. ನಾವು ಇಳಿದು ಹೇರು ಇಳಿಸಿ ತಲೆಗೇರಿಸಿದ ಮೇಲೆಯೇ ಹೆಜ್ಜೆ ಇಟ್ಟವು. ಸರಕಾರ ಸುಂಕ ತೆಗೆದರೂ ಮಾವನ ಎತ್ತುಗಳು ಸಾಯುವವರೆಗೆ ತೆಗೆಯಲಿಲ್ಲ.

ಇನ್ನು ಸಾಕು, ಅತ್ತ ಹೋಗಿ

ನನ್ನ ಹೋಟೆಲಿನ ಎದುರು, ದಾರಿಯ ಆಚೆ ಬದಿಯಲ್ಲಿ, ನಾವೆಲ್ಲ ಬ್ಯಾರಿಗಳೆಂದು ಕರೆಯುತ್ತಿದ್ದ ಮುಸಲ್ಮಾನ ಹಿರಿಯರೊಬ್ಬರ ಚಹಾದಂಗಡಿ. ಅವರದು ಸಣ್ಣ ವ್ಯಾಪಾರ, ತೆರಿಗೆ ಇಲ್ಲ. ನಾನು ಒಂದು ಗಂಜಿ ಊಟಕ್ಕೆ ಒಂದು ಪೈ ಹೆಚ್ಚಿಗೆ ಕೇಳಬೇಕು. ಪೈ ಎಂದರೆ ಆಣೆಯನ್ನು ಚೂರು ಚೂರು ಮಾಡಿದರೆ ಸಿಗುವ ನಾಣ್ಯ, ಕೈಯಿಂದ ಬಿದ್ದರೆ ಬಗ್ಗಿ ಹೆಕ್ಕುವುದಕ್ಕೂ ಜನ ಯೋಚಿಸುತ್ತಿದ್ದರು. ಆದರೆ ತೆರಿಗೆ ಎಂದು ಕೇಳಿದರೆ ಅದೇ ಪೈ ಆನೆಯಷ್ಟಾಗುತ್ತಿತ್ತು.

"ಎಂತ ಟ್ಯಾಕ್ಸು? ಎದುರು ಬದಿಯಲ್ಲಿ ಇಲ್ಲ, ಇಲ್ಲಿ ಯಾಕೆ? ದಾರಿ ದಾಟಿದ್ರೆ ಸರಕಾರ ಬೇರೆಯಾ?" ಎಂದು ಕೇಳುವರು. ಮೊದಲು ಚಹಾದವರು ದಾರಿ ದಾಟಿದರು, ಆಮೇಲೆ ಗಂಜಿಯವರು ಬಂದರಿನ ಒಳಗಿನ ಸಣ್ಣ ಸಣ್ಣ ಅಂಗಡಿಗಳಿಗೆ ಹೋದರು. ನನ್ನ ಬೆಂಚುಗಳು ಖಾಲಿಯಾಗತೊಡಗಿದವು. ಹೆಂಡತಿ ಸಣ್ಣ ಚರಿಗೆಯಲ್ಲಿ ಅನ್ನ ಇಡಲು ಶುರುಮಾಡಿದಳು. ದೊಡ್ಡ ಚರಿಗೆ ಅಟ್ಟ ಸೇರಿತು.

ಹೀಗಿರುವಾಗ ಒಂದು ಸಂಜೆ ವಿಚಿತ್ರ ನಡೆಯಿತು. ಬ್ಯಾರಿಗಳ ಅಂಗಡಿಯಿಂದ ಜನ ಎದ್ದು ಸಾಲಾಗಿ ನನ್ನಲ್ಲಿಗೆ ಬಂದರು. ಮರುದಿನವೂ ಬಂದರು. ಚಹಾ ಹಾಳಾಯಿತೋ ಎಂದು ವಿಚಾರಿಸಲು ಹೋದರೆ ಅವರು ಬಾಗಿಲಿಗೆ ಅಡ್ಡ ನಿಂತು ಗಿರಾಕಿಗಳನ್ನು ಓಡಿಸುತ್ತಿದ್ದಾರೆ!

"ಇನ್ನು ಸಾಕು, ಅತ್ತ ಹೋಗಿ, ಅತ್ತ ಹೋಗಿ."

"ಇದೆಂತ ಬ್ಯಾರಿಗಳೇ?" ಎಂದೆ.

ಅವರು ನನ್ನನ್ನು ಬದಿಗೆ ಎಳೆದು ಪಿಸುಗುಟ್ಟಿದರು: "ನಿಮ್ಮ ಜನ ಎಲ್ಲ ನನ್ನಲ್ಲಿಗೆ ಬಂದು ನನ್ನ ವ್ಯಾಪಾರ ಏರ್ತಾ ಉಂಟು ಮಾರಾಯ್ರೆ. ಇನ್ನು ಸ್ವಲ್ಪ ಏರಿದ್ರೆ ನಾನೂ ದೊಡ್ಡ ಮನುಷ್ಯ ಆಗ್ತೇನೆ. ನನಗೆ ಬೇಡ ಈ ವಯಸ್ಸಲ್ಲಿ."

ಅವರ ಆ ಭಯಕ್ಕೆ ನಾನು ಇಂದಿಗೂ ಕೃತಜ್ಞ. ಎಷ್ಟೋ ಸಂಜೆ ನಮ್ಮ ಒಲೆ ಉರಿದದ್ದು ಅವರು ಅಟ್ಟಿದ ಗಿರಾಕಿಗಳಿಂದ. ಒಂದು ದಿನ ಅವರೇ ದಾರಿ ದಾಟಿ ಬಂದು ನನ್ನ ಬೆಂಚಿನಲ್ಲಿ ಕೂತು ಚಹಾ ಹೇಳಿದರು.

"ನಿಮ್ಮ ಅಂಗಡಿಯಲ್ಲೇ ಚಹಾ ಇಲ್ವಾ?" ಎಂದೆ.

"ಉಂಟು. ಆದರೆ ಅಲ್ಲಿ ಕುಡಿದ್ರೆ ಅದೂ ವ್ಯಾಪಾರಕ್ಕೆ ಸೇರಿ ಹೋದೀತು!"

ಅಪ್ಪ ಯಾರು, ಅಮ್ಮ ಯಾರು

ತೆರಿಗೆಯ ಆಫೀಸರರು ತಮಿಳು ಸೀಮೆಯಿಂದ ಬಂದವರು. ಸಜ್ಜನರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರಿಂದ ಅವರ ಕನ್ನಡ ನಮ್ಮದಕ್ಕಿಂತ ಶುದ್ಧವಾಗಿತ್ತು. ತುಳು ಮಾತ್ರ ಒಂದಕ್ಷರ ಬಾರದು. ಪೇಟೆಯಲ್ಲಿ ಅರ್ಧ ಜನ ಮಾತಾಡುವುದು ತುಳು.

ನಾನು ಒಂದು ದಿನ ಮೈ ಒರೆಸುವ ಬೈರಾಸು ಕೊಳ್ಳಲು ಜವಳಿ ಅಂಗಡಿಗೆ ಹೋಗಿದ್ದೆ. ನಿನ್ನೆಯವರೆಗೆ ಒಂದು ಅಂಗಡಿ ಇದ್ದದ್ದು ಇವತ್ತು ಎರಡಾಗಿತ್ತು. ನಡುವೆ ಒಂದು ಹಲಗೆ ಅಡ್ಡ ಇಟ್ಟಿದ್ದರು. ಹಲಗೆಯ ಈಚೆ ಸೀರೆಗಳ ಹತ್ತಿರ ಯಜಮಾನರು, ಆಚೆ ಬೈರಾಸುಗಳ ಹತ್ತಿರ ಅವರ ಮಗ. ಒಂದು ದೊಡ್ಡ ವ್ಯಾಪಾರವನ್ನು ಕಡಿದರೆ ಎರಡು ಸಣ್ಣ ವ್ಯಾಪಾರ, ತೆರಿಗೆ ಯಾರಿಗೂ ಇಲ್ಲ. ನಾನು ಇದನ್ನು ಮೆಚ್ಚಿಕೊಳ್ಳುತ್ತಾ ನಿಂತಿರುವಾಗಲೇ ಆಫೀಸರರು ಒಳಗೆ ಬಂದರು.

"ಇದು ಒಂದೇ ಅಂಗಡಿಯಲ್ಲವೇ?"

"ಎರಡು ಸ್ವಾಮಿ. ಆಚೆಯದ್ದು ನನ್ನ ಮಗನದ್ದು" ಎಂದರು ಯಜಮಾನರು.

"ಮಗನೆಂದ ಮೇಲೆ ಒಂದೇ ಕುಟುಂಬವಾಯಿತಲ್ಲ."

"ಅಯ್ಯೋ, ಅವ ನನ್ನ ಕುಟುಂಬ ಅಲ್ಲ ಸ್ವಾಮಿ."

ಆಫೀಸರರಿಗೆ ಮುಜುಗರವಾಗಿ ಅವರು ತಲೆ ತಗ್ಗಿಸಿದರು. ಯಜಮಾನರು ಅಳಿಯಸಂತಾನವನ್ನು ವಿವರಿಸಿದರು. ನಮ್ಮಲ್ಲಿ ಕುಟುಂಬ ತಾಯಿಯ ಕಡೆಯಿಂದ ನಡೆಯುವುದು, ಮಗ ತಾಯಿಯ ಮನೆತನಕ್ಕೆ ಸೇರಿದವನು, ತಮ್ಮ ಆಸ್ತಿ ಹೋಗುವುದು ಸೋದರಳಿಯನಿಗೆ. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆಫೀಸರರು ಬಹಳ ಹೊತ್ತು ಕೇಳಿ, "ಇರಲಿ. ಕುಟುಂಬ ಬೇರೆ. ಆದರೆ ನೀವು ಇವನ ತಂದೆಯೆಂಬುದಾದರೂ ನಿಜ ತಾನೇ?" ಎಂದರು.

ಅದೇ ಹೊತ್ತಿಗೆ ಹಲಗೆಯ ಆಚೆಯಿಂದ ಮಗ ಕೂಗಿದ: "ಅಮ್ಮೆರೇ, ಕತ್ತರಿ ಕೊರ್ಲೆ!"

ಅವನು ಅಪ್ಪನ ಹತ್ತಿರ ಕತ್ತರಿ ಕೇಳಿದ್ದು, ತುಳುವಿನಲ್ಲಿ ಅಮ್ಮೆ ಎಂದರೆ ತಂದೆ. ತಾಯಿಗೆ ಅಪ್ಪೆ. ಇದು ನಮಗೆ ಗೊತ್ತು. ಪುಸ್ತಕದ ಕನ್ನಡದಲ್ಲಿ ಇರಲಿಲ್ಲ. ಆಫೀಸರರು ಯಜಮಾನರ ಮೀಸೆಯನ್ನೇ ನೋಡುತ್ತಾ ನಿಂತರು. ಆಮೇಲೆ ನಿಧಾನವಾಗಿ ಕೊಡೆ ಬಿಡಿಸಿ ಹೊರಟರು. ಬಾಗಿಲಲ್ಲಿ ತಿರುಗಿ ಹೇಳಿದರು:

"ಮೊದಲು ನಿಮ್ಮಲ್ಲಿ ಯಾರು ಯಾರೆಂದು ನೀವು ತೀರ್ಮಾನ ಮಾಡಿಕೊಳ್ಳಿ. ತೆರಿಗೆ ಆಮೇಲೆ ನೋಡೋಣ."

ನನಗೂ ಆಸೆಯಾಯಿತು. ಮನೆಗೆ ಬಂದು ಹೆಂಡತಿಗೆ, "ನಾವೂ ಹಲಗೆ ಇಡುವ. ನಿನ್ನ ಕುಟುಂಬ ಬೇರೆ, ನನ್ನ ಕುಟುಂಬ ಬೇರೆ. ಒಲೆ, ಗಂಜಿ, ಸಾರು ಎಲ್ಲ ನಿನ್ನ ಹೆಸರಿಗೆ, ಬೆಂಚು ನನ್ನ ಹೆಸರಿಗೆ" ಎಂದೆ.

ಅವಳು ಸೌಟು ಕೆಳಗಿಟ್ಟು ಸ್ವಲ್ಪ ಯೋಚಿಸಿದಳು. "ಆಗ್ಬಹುದು. ಆದರೆ ಇವತ್ತಿನಿಂದ ನೀವು ಉಂಡದ್ದಕ್ಕೆ ದುಡ್ಡು ಇಟ್ಟು ಏಳಬೇಕು."

ಹಲಗೆಯ ಮಾತು ಅಲ್ಲಿಗೆ ನಿಂತಿತು.

ಗಂಜಿ ಮದರಾಸಿನದು, ಹೊಟ್ಟೆ ಮೈಸೂರಿನದು

ಘಟ್ಟದ ಮೇಲಿನ ಕಾಫಿ ವ್ಯಾಪಾರಿಯೊಬ್ಬರ ಗುಮಾಸ್ತ ಆಗಾಗ ಬಸ್ಸಿನಲ್ಲಿ ಬಂದು ನನ್ನಲ್ಲಿ ಉಣ್ಣುತ್ತಿದ್ದ. ಮಾತಿನಲ್ಲಿ ಬಹಳ ಜೋರು. ಮೊದಲ ಸಲ ಪೈ ಕೇಳಿದಾಗಲೇ ಅವನು ವಾದಕ್ಕೆ ನಿಂತ.

"ನಾನು ಮೈಸೂರು ಸಂಸ್ಥಾನದವನು. ನಮ್ಮಲ್ಲಿ ಈ ತೆರಿಗೆ ಇಲ್ಲ."

"ನೀವು ಉಂಡದ್ದು ಇಲ್ಲಿಯಲ್ವಾ?" ಎಂದೆ.

"ಉಂಡದ್ದು ಇಲ್ಲಿ. ಅದು ಇರುವುದು ನನ್ನ ಹೊಟ್ಟೆಯಲ್ಲಿ. ಹೊಟ್ಟೆ ಈಗ ಹೊರಡುವುದು ಮೈಸೂರಿಗೆ. ಗಂಜಿ ಮದರಾಸಿನದು, ಹೊಟ್ಟೆ ಮೈಸೂರಿನದು. ಗಡಿ ದಾಟಿ ಹೋಗುವ ಮಾಲಿಗೆ ನಿಮ್ಮ ತೆರಿಗೆ ಹೇಗೆ ಬರುತ್ತದೆ?"

ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಸೋತೆ. ಅವನು ಪೈ ಕೊಡದೆ, ಮೀಸೆ ಒರೆಸಿಕೊಂಡು, ಚಾರ್ಮಾಡಿಯ ಬಸ್ಸು ಹತ್ತಿದ. ಅವನನ್ನು ನೋಡಿ ಇನ್ನೂ ನಾಲ್ಕು ಜನ ಅವರವರ ಹೊಟ್ಟೆ ಯಾವ ಊರಿನದೆಂದು ನನಗೆ ಹೇಳತೊಡಗಿದರು.

ಮುಂದಿನ ಸಲ ಅವನು ಬಂದಾಗ ಮಾತು ಕಡಿಮೆ, ಮುಖ ಸಪ್ಪೆ. ಉಣ್ಣುವುದಕ್ಕೆ ಮೊದಲೇ ಗಲ್ಲಾಕ್ಕೆ ಬಂದು ಒಂದು ಪೈಯನ್ನು ಮೇಜಿನ ಮೇಲೆ ಇಟ್ಟ.

"ಇದೆಂತದು?" ಎಂದೆ.

"ಹೋದ ಸಲದ್ದು" ಎಂದ. ಆಚೆ ಈಚೆ ನೋಡಿ ದನಿ ತಗ್ಗಿಸಿದ. "ಘಾಟಿಯ ತಿರುವುಗಳಲ್ಲಿ ತಲೆ ಸುತ್ತಿ ಎಲ್ಲಾ ಹೊರಗೆ ಬಂತು. ನಿಮ್ಮ ಗಂಜಿ ಗಡಿ ದಾಟಲೇ ಇಲ್ಲ."

ಅಂಥ ಪ್ರಾಮಾಣಿಕನನ್ನು ನಾನು ಮತ್ತೆ ಕಂಡಿಲ್ಲ. ಆ ದಿನ ಅವನಿಗೆ ಸಾರಿನಲ್ಲಿ ಒಂದು ತುಂಡು ಮೀನು ಹೆಚ್ಚು ಹಾಕಿಸಿದೆ.

ಶುದ್ಧ ಕನ್ನಡದ ಬೋರ್ಡು

ಬ್ಯಾರಿಗಳು ಅಟ್ಟಿದ ಜನ, ಮೈಸೂರಿನ ಗುಮಾಸ್ತ, ಇಷ್ಟರಿಂದ ಹೋಟೆಲು ನಡೆಯುವುದಿಲ್ಲ. ನನ್ನ ನಿಜವಾದ ಗಿರಾಕಿಗಳು ಮೀನು ಮಾರುವ ಹೆಂಗಸರು. ಬೆಳಿಗ್ಗೆ ಬುಟ್ಟಿ ಖಾಲಿ ಮಾಡಿ ಮಧ್ಯಾಹ್ನ ಗಂಜಿಗೆ ಬರುವವರು. ಟ್ಯಾಕ್ಸು ಎಂಬ ಶಬ್ದ ಕೇಳಿದೊಡನೆ ಅವರು ಬುಟ್ಟಿ ಎತ್ತಿ ನಡೆದುಬಿಡುತ್ತಿದ್ದರು. ಅವರೂ ಪೂರ್ತಿ ಹೋದರೆ ಬಾಗಿಲು ಹಾಕಬೇಕು ಎಂಬಲ್ಲಿಗೆ ಬಂದು ಮುಟ್ಟಿತ್ತು. ಒಂದು ದಿನ ಹೆಂಡತಿ, "ನಮ್ಮ ಹಳೆ ಗದ್ದೆ ಇನ್ನೂ ಯಾರಿಗೂ ಗೇಣಿಗೆ ಕೊಟ್ಟಿಲ್ಲ ಅಂತೆ" ಎಂದಳು. ಅಷ್ಟೇ ಅಂದದ್ದು. ನಾನು ಅಂಗಿ ಹಾಕಿಕೊಂಡು ಹೊರಟೆ.

ಆಫೀಸರರ ಹತ್ತಿರ ಹೋಗಿ ನನ್ನ ಕಷ್ಟ ಹೇಳಿಕೊಂಡೆ. ಅವರು ಕನಿಕರದಿಂದ, "ಜನರಿಗೆ ಇಂಗ್ಲಿಷ್ ಶಬ್ದದಿಂದ ಭಯವಾಗುತ್ತದೆ. ಶುದ್ಧ ಕನ್ನಡದಲ್ಲಿ ಒಂದು ಬೋರ್ಡು ಹಾಕಿ" ಎಂದು ವಾಕ್ಯವನ್ನೂ ಅವರೇ ಹೇಳಿಕೊಟ್ಟರು. ಬಿಜೈಯ ಒಬ್ಬ ಪೈಂಟರನಿಂದ ಬರೆಸಿ ತೂಗಹಾಕಿದೆ: "ಊಟದೊಂದಿಗೆ ಮಾರಾಟ ಕರ ಒಂದು ಪೈ."

ಓದು ಬಾರದ ಹೆಂಗಸರಿಗೆ ನಾನೇ ಓದಿ ಹೇಳಿದೆ. ಪವಾಡ ನಡೆಯಿತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, "ಒಂದೇ ಪೈಯಾ?" ಎಂದು ಎರಡೆರಡು ಸಲ ಕೇಳಿದರು, ಮರುಮಾತಿಲ್ಲದೆ ಕೊಟ್ಟರು. ಮರುದಿನವೂ ಕೊಟ್ಟರು. ಹೊಸಬರನ್ನು ಕರೆದುಕೊಂಡು ಬಂದರು. ಬೆಂಚುಗಳು ತುಂಬಿದವು, ಹೆಂಡತಿ ಮತ್ತೆ ದೊಡ್ಡ ಚರಿಗೆ ಇಳಿಸಿದಳು. ಶುದ್ಧ ಕನ್ನಡದ ಶಕ್ತಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ತಿಂಗಳು ತುಂಬಿದ ದಿನ, ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಹೆಂಗಸು ಊಟ ಮುಗಿಸಿ ಗಲ್ಲಾದ ಎದುರು ಬಂದು ನಿಂತಳು. ಬುಟ್ಟಿಯಲ್ಲಿ ಒಣಹುಲ್ಲು ಹಾಸಿ ತಂದಿದ್ದಳು.

"ಕೊಡಿ ಧಣಿ" ಎಂದಳು.

"ಎಂತ ಕೊಡುದು?"

"ಕರ! ಒಂದು ತಿಂಗಳಿಂದ ಕರದ ದುಡ್ಡು ಕೊಡ್ತಾ ಇದ್ದೇನೆ. ಇನ್ನು ಯಾವಾಗ ಕೊಡುದು ನೀವು?"

ಆಗ ನನ್ನ ತಲೆಗೆ ಹೊಳೆಯಿತು. ತುಳುವಿನಲ್ಲಿ ಕರ ಎಂದರೆ ಮಣ್ಣಿನ ಮಡಕೆ. ಗಂಜಿ ಬೇಯಿಸುವ, ಮೀನಿನ ಸಾರು ಕಾಯಿಸುವ ಮಡಕೆ. "ಮಾರಾಟ ಕರ ಒಂದು ಪೈ" ಎಂದರೆ ದಿನಕ್ಕೊಂದು ಪೈಯ ಕಂತಿನಲ್ಲಿ ಮಡಕೆ ಮಾರಾಟಕ್ಕಿದೆ ಎಂದೇ ಅವರೆಲ್ಲ ತಿಳಿದಿದ್ದರು. ನಾನೂ ತುಳುವನೇ, ಮನೆಯಲ್ಲಿ ದಿನವೂ ಕರ ಎಂದರೆ ಮಡಕೆಯೇ. ಬೋರ್ಡಿನ ಕನ್ನಡ ಓದುವಾಗ ಮಾತ್ರ ನನ್ನ ತುಳು ನಿದ್ದೆ ಹೋಗಿತ್ತು. ಆ ಹೆಂಗಸಿನ ಹಿಂದೆ ಉಳಿದವರೂ ಬುಟ್ಟಿಗೆ ಹುಲ್ಲು ಹಾಸಿಕೊಂಡು ನಿಂತಿದ್ದರು. ಇದು ಮಡಕೆಯಲ್ಲ, ಟ್ಯಾಕ್ಸು ಎಂದರೆ ನಾಳೆ ಒಬ್ಬಳೂ ಬರುವುದಿಲ್ಲ.

ಒಳಗಿಂದ ಎಲ್ಲ ಕೇಳಿಸಿಕೊಂಡ ಹೆಂಡತಿ ಬಂದು, ಕೈ ಒರೆಸಿಕೊಳ್ಳುತ್ತಾ, "ನಾಳೆ ಮಧ್ಯಾಹ್ನ ಬನ್ನಿ. ಕರ ಕೊಡ್ತೇವೆ" ಎಂದಳು. ಅವರು ಹೋದ ಮೇಲೆ ನನಗೆ ಹೇಳಿದಳು: "ಕೇಳಿದ್ದು ಬಂಗಾರ ಅಲ್ಲವಲ್ಲ, ಮಣ್ಣು. ಅವರು ಬಂದದ್ದರಿಂದ ನಾವು ಉಂಡಿದ್ದೇವೆ."

ಕುಂಬಾರರಲ್ಲಿಂದ ಒಂದು ಗಾಡಿ ಮಡಕೆ ತರಿಸಿದೆವು. ತಿಂಗಳಿಡೀ ಉಂಡವರಿಗೆ ಒಂದು ಮಡಕೆ ಎಂದು ವಾಡಿಕೆಯಾಯಿತು. ಪೈಗಳೆಲ್ಲ ಮಡಕೆಗೆ ಹೋದವು, ಸರಕಾರದ ಪಾಲನ್ನು ನಾನೇ ಕೈಯಿಂದ ಕಟ್ಟಿದೆ, ಹೋಗಲಿ, ತುಂಬಿದ ಬೆಂಚುಗಳ ಎದುರು ಅದು ಏನೂ ಅಲ್ಲ. ಆ ಹೆಂಗಸರ ಋಣ ನನ್ನ ಮೇಲೆ ದೊಡ್ಡದು. ಅವರು ತಪ್ಪು ತಿಳಿಯದೆ ಇದ್ದಿದ್ದರೆ ನಾನು ಗದ್ದೆಗೆ ಹೋಗುತ್ತಿದ್ದೆ.

ಆದರೆ ಸುದ್ದಿ ಆಫೀಸರರಿಗೆ ಮುಟ್ಟಿತು. ಊರಿನ ಹೋಟೆಲುಗಳೆಲ್ಲ ತೆರಿಗೆಯಿಂದ ಅಳುತ್ತಿರುವಾಗ ಇಲ್ಲಿ ಮಾತ್ರ ಜನ ನಗುತ್ತಾ ಕೊಡುತ್ತಾರಂತೆ ಎಂದು. ಒಂದು ಮಧ್ಯಾಹ್ನ, ಊಟದ ಗದ್ದಲದ ನಡುವೆ, ಪ್ಯೂನನನ್ನು ಹಿಂದಿಟ್ಟುಕೊಂಡು ನೋಡಲು ಬಂದೇಬಿಟ್ಟರು. ಅಡಿಗೆಮನೆಯಲ್ಲಿ ಮಾಡಿನ ಹೆಂಚಿನವರೆಗೆ ಮಡಕೆ ಒಟ್ಟಿತ್ತು. ಕಂಡರೆ, ತೆರಿಗೆಯ ಹೆಸರಿನಲ್ಲಿ ಮಡಕೆ ಮಾರುವವನೆಂದು ನನ್ನ ಬೋರ್ಡನ್ನೂ ಹೋಟೆಲನ್ನೂ ಒಟ್ಟಿಗೆ ಇಳಿಸುವುದು ಖಂಡಿತ. ಅವರು ಅಡಿಗೆಮನೆಯ ಕಡೆಗೇ ಹೆಜ್ಜೆ ಹಾಕಿದರು. ದಾರಿಯಲ್ಲಿ ಬೆಂಚಿನ ತುದಿಗೆ ಕೂತಿದ್ದ ಆ ಹಿರಿಯ ಹೆಂಗಸಿನ ಹತ್ತಿರ ನಿಂತರು.

"ಅಮ್ಮಾ, ನೀವು ಇಲ್ಲಿ ಕರ ಕೊಡುತ್ತೀರಾ?"

"ಕರಕ್ಕಾ? ದಿನಾ ಕೊಡ್ತೇನೆ ಸ್ವಾಮಿ" ಎಂದಳು ಅವಳು, ತನಗೆ ಬರುವ ಕನ್ನಡದಲ್ಲಿ.

"ಯಾರಾದರೂ ಬಲವಂತ ಮಾಡುತ್ತಾರೆಯೇ?"

"ಬಲವಂತ ಎಂತಕ್ಕೆ? ನಮಗೆ ಬೇಕು, ಕೊಡ್ತೇವೆ."

ಆಫೀಸರರು ಪ್ಯೂನನ ಮುಖ ನೋಡಿದರು. "ಕರದಿಂದ ಏನು ಪ್ರಯೋಜನವೆಂದು ನಿಮಗೆ ತಿಳಿದಿದೆಯೇ?"

"ಗೊತ್ತಿಲ್ಲದೆ ಉಂಟಾ ಸ್ವಾಮಿ! ಕರ ಇಲ್ಲದೆ ಮನೆ ನಡೀತದಾ? ಮಕ್ಕಳ ಹೊಟ್ಟೆಗೆ ಬೀಳುದು ಹೇಗೆ?"

ಆಫೀಸರರ ಕಣ್ಣು ತುಂಬಿತು. ಅಡಿಗೆಮನೆಗೆ ಹೊರಟಿದ್ದವರು ಅಲ್ಲಿಂದಲೇ ಹಿಂದಿರುಗಿದರು. "ಇಷ್ಟು ವರ್ಷದ ಕೆಲಸದಲ್ಲಿ ಈ ಮಾತನ್ನು ನಾನು ಯಾರ ಬಾಯಿಂದಲೂ ಕೇಳಿರಲಿಲ್ಲ. ಇನ್ನು ಇಲ್ಲಿ ನೋಡುವುದು ಏನೂ ಉಳಿದಿಲ್ಲ" ಎಂದು ನನ್ನ ಕೈ ಹಿಡಿದು ಕುಲುಕಿದರು. ಬಾಗಿಲಿಗೆ ಹೋದವರು ತಿರುಗಿ ಅವಳಿಗೆ ಎರಡೂ ಕೈ ಜೋಡಿಸಿದರು.

"ಅಮ್ಮಾ, ಕರದ ವಿಷಯದಲ್ಲಿ ಸರಕಾರಕ್ಕೆ ಏನಾದರೂ ಹೇಳುವುದಿದ್ದರೆ ಹೇಳಿ. ನಾನು ಮೇಲಿನವರಿಗೆ ತಿಳಿಸುತ್ತೇನೆ."

ಅವಳು ಗಂಜಿಯ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ, ಮನೆಯ ಜನರನ್ನೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿದಳು:

"ಹೋದ ಸಲದ್ದು ತೀರ ಸಣ್ಣದಾಯ್ತು ಸ್ವಾಮಿ. ಮುಂದಿನ ಸಲ ದೊಡ್ಡ ಕರ ಆಗ್ಲಿ."